ಮೇಷ್ಟ್ರ ಊಟದ ಸರದಿ

ಶನಿವಾರ ಲಾಸ್ ಏಂಜಲೀಸಿನಲ್ಲಿ ರೈಲು ಹತ್ತಿದರೆ ಸ್ಯಾನ್ ಡಿಯಾಗೊ ಮುಟ್ಟುವ ತನಕ ಸಿದ್ಧಲಿಂಗೇಶನಿಗೆ ಯಾರೊಡನೆಯೂ ಮಾತಿರುತ್ತಿರಲಿಲ್ಲ. ವಾರದ ಉಳಿದ ದಿನಗಳಲ್ಲೂ ಹೆಚ್ಚೇನಿಲ್ಲ. ನೂರೈವತ್ತು ವರ್ಷಗಳ ಹಿಂದೆ ರಷ್ಯದ ಹಳ್ಳಿಗಾಡಿನಲ್ಲಿ ಮೇಷ್ಟ್ರಗಿರಿ ಹೇಗೆ ಒಂದು ವೃತ್ತಿಯಾಯಿತು ಎಂಬುದು ಅವನ ಪಿಎಚ್‌ಡಿ ವಿಷಯ. ಯುದ್ಧ ಶುರುವಾದ ಮೇಲೆ ರಷ್ಯಕ್ಕೆ ಹೋಗಿ ದಾಖಲೆ ನೋಡುವ ಮಾತು ಮುಗಿದಿತ್ತು. ಲೈಬ್ರರಿಯಲ್ಲಿದ್ದ ಮೈಕ್ರೊಫಿಲ್ಮಿನ ಮುಂದೆ ಒಬ್ಬನೇ ಕೂರುತ್ತಿದ್ದ. ಕ್ಯಾಂಪಸ್ಸಿನ ಕನ್ನಡದ ಹುಡುಗರೆಲ್ಲ ಇಂಜಿನಿಯರುಗಳು. "ರಷ್ಯನ್ ಮೇಷ್ಟ್ರುಗಳಾ? ಇದಕ್ಕೆ ಕೆಲಸ ಯಾರ್ ಕೊಡ್ತಾರೆ ಗುರೂ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದುಬಿಡುತ್ತಿದ್ದರು.

ಸ್ಯಾನ್ ಡಿಯಾಗೊದ ಮೀರಾ ಮೆಸಾ ಬಡಾವಣೆಯ ಕನ್ನಡದವರು ಮಕ್ಕಳಿಗೆ ಅಕ್ಷರ ಕಲಿಸಲು ಅವನನ್ನು ಗೊತ್ತುಮಾಡಿಕೊಂಡಿದ್ದರು. ಪಾಠ ಮುಗಿದ ಮೇಲೆ ವಾರಕ್ಕೊಂದು ಮನೆಯಲ್ಲಿ ಊಟ, ರಾತ್ರಿ ಅಲ್ಲೇ ಮಲಗಿ ಭಾನುವಾರ ವಾಪಸ್. ಯಾರ ಸರದಿ ಎಂಬುದು ವಾಟ್ಸಾಪ್ ಗುಂಪಿನಲ್ಲಿ ಬರುತ್ತಿತ್ತು. ಅವನು ಅಷ್ಟು ದೂರ ಹೋಗುತ್ತಿದ್ದುದು ಪಾಠಕ್ಕಲ್ಲ, ಆ ಊಟಕ್ಕೆ. ನಾಲ್ಕು ಜನ ಒಟ್ಟಿಗೆ ಮಾತಾಡುವ ಗದ್ದಲಕ್ಕೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿಕೊಳ್ಳುವಂಥದ್ದೂ ಅಲ್ಲ.

ಅಕ್ಟೋಬರಿನ ಒಂದು ಶನಿವಾರ ದ್ರಾಕ್ಷಾಯಣಿಯ ಸರದಿ. ಗಂಡ ಅಪ್ಪಾಸಾಹೇಬ, ಪಾಠಕ್ಕೆ ಬರುವ ಮಗಳು ಸ್ಪಂದನಾ, ಪಕ್ಕದ ಮನೆಯ ಶ್ರೀರಂಗ ಎಲ್ಲರೂ ಟೇಬಲ್ಲಿಗೆ ಕೂತಿದ್ದರು.

"ಏನ್ ಸರ್, ನಿಮ್ಮ ರಷ್ಯದ ಮೇಷ್ಟ್ರುಗಳು ಸೌಖ್ಯಾನಾ?" ಎಂದ ಶ್ರೀರಂಗ.

ಇಷ್ಟು ದಿನಕ್ಕೆ ಒಬ್ಬರು ಕೇಳಿದ್ದರು. ಸಿದ್ಧಲಿಂಗೇಶನಿಗೆ ತಡೆಯಲಾಗಲಿಲ್ಲ.

"ಅವರೂ ನನ್ನಂಗ ಇದ್ರು ನೋಡ್ರಿ! ಊರವರು ಒಬ್ಬ ಮೇಷ್ಟ್ರನ್ನ ಹುಡುಕಿ ತರ್ತಿದ್ರು. ಸರದಿ ಮ್ಯಾಲೆ ಒಬ್ಬೊಬ್ಬರ ಮನ್ಯಾಗ ಊಟ, ಅಲ್ಲೇ ಹಾಸಿಗಿ. ಪಾದ್ರಿ ಅವನ್ನ ಸರೀಕ ಅಂತಿರ್ಲಿಲ್ಲ, ರೈತರು ನೇಗಿಲ ಹಿಡೀಲಾರದ ಸೋಮಾರಿ ಅಂತಿದ್ರು. ಅಂವ ಉಣ್ಣಾಕ ಬರೋ ದಿನ ಮನಿಯಾಕಿ ಸಾರಿಗೆ ಒಂದು ತಂಬಿಗಿ ನೀರು ಹೆಚ್ಚಿಗಿ ಹಾಕ್ತಿದ್ಳಂತ!"

ದ್ರಾಕ್ಷಾಯಣಿ ಆಗ ಅವನಿಗೇ ಸಾರು ಬಡಿಸುತ್ತಿದ್ದಳು. ಸೌಟು ನಿಂತಿತು.

"ಸಾರು ತೆಳ್ಳಗಾಗೇತೇನ್ರಿ ಸರ?"

"ಅಯ್ಯ, ಇಲ್ರೀ ಅಕ್ಕಾರ! ನಾ ಅಲ್ಲಿದು ಹೇಳಿದೆ."

"ಅಂದ್ರೆ ನಾವೆಲ್ಲ ರಷ್ಯದ ರೈತರು ಅಂತಾಯ್ತು," ಎಂದು ಶ್ರೀರಂಗ ನಕ್ಕ. ಬೇರೆ ಯಾರೂ ನಗಲಿಲ್ಲ.

ಸರಿಮಾಡಲು ಹೋಗಿ ಸಿದ್ಧಲಿಂಗೇಶ ಇನ್ನಷ್ಟು ಹೇಳಿದ. ಆಮೇಲೆ ಜಿಲ್ಲಾ ಮಂಡಳಿಗಳು ಶಾಲೆಯಲ್ಲೇ ಒಂದು ಕೋಣೆ, ಒಂದು ಒಲೆ ಮಾಡಿಕೊಟ್ಟವು, ಮೇಷ್ಟ್ರುಗಳಿಗೆ ಮರ್ಯಾದೆ ಬಂದಿದ್ದೇ ಆಗ ಎಂದ. ಅಪ್ಪಾಸಾಹೇಬ ಹ್ಞೂಂ ಹ್ಞೂಂ ಎನ್ನುತ್ತ ಫ್ರೀವೇ ಟ್ರಾಫಿಕ್ಕಿನ ಮಾತೆತ್ತಿದ. ಸ್ಪಂದನಾ ತಾಯಿಯ ಮುಖ ನೋಡಿ ಫೋನಿಗೆ ತಲೆ ಬಗ್ಗಿಸಿದಳು.

ಗುರುವಾರ ದ್ರಾಕ್ಷಾಯಣಿ ಫೋನ್ ಮಾಡಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಕ್ಷಮೆ ಕೇಳಬಹುದಿತ್ತು.

"ನಾವೆಲ್ಲ ಕೂಡಿ ಮಾತಾಡಿದ್ವಿರಿ ಸರ. ಮನಿ ಮನಿ ತಿರುಗೂದು ನಿಮಗೂ ಬ್ಯಾಸರಕಿ. ಈ ವಾರದಿಂದ ಮೋಟೆಲಿನ್ಯಾಗ ರೂಮ್ ಬುಕ್ ಮಾಡೇವಿ. ಮೈಕ್ರೋವೇವ್ ಐತಿ, ಆರಾಮ ಇರ್ರಿ."

"ನನಗೇನೂ ಬ್ಯಾಸರಿಲ್ರಿ ಅಕ್ಕಾರ."

"ನೀವು ಹೇಳೂದಿಲ್ಲ. ನಾವss ತಿಳ್ಕೋಬೇಕು."

ನಿಮ್ಮ ಮನೆಗೇ ಬರುತ್ತೇನೆ, ಊಟಕ್ಕೆ ಕರೆಯಿರಿ ಎಂದು ಬಾಯಿಬಿಟ್ಟು ಕೇಳಬೇಕಿತ್ತು. "ಥ್ಯಾಂಕ್ಸ್ ರೀ," ಎಂದ.

ಶನಿವಾರ ಪಾಠ ಮುಗಿಯಿತು. ಅವರವರ ಕಾರುಗಳು ಅವರವರ ಮಕ್ಕಳನ್ನು ಕರೆದುಕೊಂಡು ಹೋದವು. ಅವನು ಅಗಲ ರಸ್ತೆಯ ಅಂಚಿನಲ್ಲಿ ನಡೆದು ಇಂಡಿಯನ್ ಗ್ರೋಸರಿ ಮುಟ್ಟಿದ. ಒಳಗೆ ಬಿಸಿ ಊಟ ಮಾರುವ ಮೂಲೆಯಲ್ಲಿ ಪ್ಲಾಸ್ಟಿಕ್ ತಟ್ಟೆ ಹಿಡಿದು ಕೂತ. ಚಪಾತಿ, ಕಡಲೆ ಪಲ್ಯ. ರುಚಿ ಚೆನ್ನಾಗಿಯೇ ಇತ್ತು.

ಬೇಳೆಕಾಳಿನ ಸಾಲಿನಿಂದ ಒಂದು ತಳ್ಳುಗಾಡಿ ಹೊರಳಿತು. ದ್ರಾಕ್ಷಾಯಣಿ, ಜೊತೆಗೆ ಸ್ಪಂದನಾ. ಹುಡುಗಿ ಅವನನ್ನು ಕಂಡು ಕೈ ಎತ್ತಿದಳು. "ಅಮ್ಮಾ, ಸರ್ ಈಸ್ ಹಿಯರ್!"

ಸಿದ್ಧಲಿಂಗೇಶ ಅರ್ಧ ಎದ್ದ. ಎದುರಿನ ಖಾಲಿ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ತೆಗೆದು ನೆಲಕ್ಕಿಟ್ಟ.

ದ್ರಾಕ್ಷಾಯಣಿ ದೂರದಿಂದಲೇ ಕೈ ಮುಗಿದು, ಕೂತ್ಕೊಳ್ರಿ ಎಂಬಂತೆ ಸನ್ನೆ ಮಾಡಿದಳು. ಮಗಳ ಕೈ ಹಿಡಿದು ಗಾಡಿಯನ್ನು ಹಿಂದಕ್ಕೆ ಹೊರಳಿಸುತ್ತ ಅವಳು ಹೇಳಿದ್ದು ಅವನಿಗೆ ಕೇಳಿಸಿತು: "ಸರ ಉಣ್ಣಾಕತ್ಯಾರ. ಡಿಸ್ಟರ್ಬ್ ಮಾಡಬಾರದು."