ಶಾಲಿನ ಕೆಳಗಿನ ಚೀಲ

ನಮ್ಮವರಲ್ಲಿ ಯಾರಿಗಾದರೂ ಆಪರೇಷನ್ ಆಯಿತೆಂದರೆ ನೋಡಲು ಜನ ಬಂದೇ ಬರುತ್ತಾರೆ. ಅಮೆರಿಕದ ನಾರ್ತ್‌ವಿಲ್‌ಗೆ ಬಂದರೂ ಈ ಪದ್ಧತಿ ಬಿಟ್ಟಿಲ್ಲ. ನನ್ನ ಗಂಡ ಶಶಿಧರ ಪ್ರಾಸ್ಟೇಟ್ ಆಪರೇಷನ್ ಮುಗಿಸಿ ಮನೆಗೆ ಬಂದ ವಾರದಲ್ಲೇ ಮೂರ್ನಾಲ್ಕು ಮನೆಯವರು ಒಟ್ಟಿಗೇ ಫ್ಲಾಸ್ಕಿನಲ್ಲಿ ಸಾರು ಹಿಡಿದು ಬಂದರು.

ಇವರು ಮಾತ್ರ ಎಲ್ಲರಿಗೂ ಹರ್ನಿಯಾ ಎಂದು ಹೇಳಿಬಿಟ್ಟಿದ್ದರು. ನಿಜ ಹೇಳಿ ಎಂದಿದ್ದಕ್ಕೆ ನನ್ನ ಮೇಲೇ ರೇಗಿದರು. "ಅದೇನು ನಾಲ್ಕು ಜನರ ಮುಂದೆ ಹೇಳ್ಕೊಳ್ಳೋ ಕಾಯಿಲೆನಾ? ಸುಮ್ನಿರು."

ಮೂತ್ರ ಹೋಗಲು ಹಾಕಿದ್ದ ಟ್ಯೂಬು, ಅದರ ತುದಿಯ ಚೀಲ ಯಾರ ಕಣ್ಣಿಗೂ ಬೀಳಬಾರದಲ್ಲ. ಪಂಚೆ ಉಟ್ಟು, ಚೀಲವನ್ನು ಸೋಫಾದ ಮೇಲೆ ಪಕ್ಕದಲ್ಲೇ ಇಟ್ಟುಕೊಂಡು, ಶಾಲು ಮುಚ್ಚಿ ಕೂತರು. ಚೀಲ ತುಂಬದಿರಲಿ ಎಂದು ಬೆಳಗಿನಿಂದ ನೀರೂ ಕುಡಿದಿರಲಿಲ್ಲವಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಬಂದವರು ಕಾಫಿ ಕುಡಿದರು, ಸ್ನೋ ಬಗ್ಗೆ ಮಾತಾಡಿದರು, ಏಳುವ ಲಕ್ಷಣವೇ ಇಲ್ಲ. ಇವರ ಹಣೆ ಬೆವರುತ್ತಿತ್ತು. ಕೊನೆಗೆ ಎಲ್ಲರೂ ಹೊರಟರು, ಪಕ್ಕದ ಊರು ವಿಕ್ಸಮ್‌ನ ಗೆಳೆಯ ರಮೇಶ್ ಒಬ್ಬರೇ ಇವರ ಮುಖ ನೋಡಿ ನಿಂತರು. ನಾನು ಶಾಲು ಸರಿಸಿದೆ. ಚೀಲ ಖಾಲಿ. ಟ್ಯೂಬು ತೊಡೆಯ ಕೆಳಗೆ ಮಡಿಚಿಕೊಂಡಿದೆ, ಅದರೊಳಗೆ ರಕ್ತ ಕಪ್ಪಗೆ ಹೆಪ್ಪುಗಟ್ಟಿದೆ. ಕಿಬ್ಬೊಟ್ಟೆ ಕಲ್ಲಿನ ಹಾಗಿತ್ತು.

ನೋವು ತಾಳಲಾರದೆ ಇವರು ಟ್ಯೂಬಿಗೇ ಕೈ ಹಾಕಿದರು. ರಮೇಶ್ ಆ ಕೈ ಹಿಡಿದುಕೊಂಡರು. "ಎಳೀಬೇಡಿ ಶಶಿ. ಒಳಗೆ ಹೊಲಿಗೆ ಇನ್ನೂ ಹಸಿಯಾಗಿದೆ."

ಅವರೇ ಚೀಲವನ್ನು ಕೆಳಗಿಳಿಸಿ, ಟ್ಯೂಬಿನ ಮಡಿಕೆ ಬಿಡಿಸಿದರು. ಆದರೂ ಒಂದು ಹನಿ ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ. ತಕ್ಷಣ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ ಎಂದರು. ರಮೇಶ್ ಡ್ರೈವ್ ಮಾಡಿದರು.

ಆಸ್ಪತ್ರೆಯಲ್ಲಿ ಟ್ಯೂಬು ತೊಳೆದು ಹೆಪ್ಪು ತೆಗೆದರು. ಇನ್ನೂ ತಡವಾಗಿದ್ದರೆ ಹೊಲಿಗೆಯೇ ಬಿಟ್ಟುಹೋಗಬಹುದಿತ್ತಂತೆ.

ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಎಂದು ರಮೇಶರನ್ನು ಕೇಳಿದೆ. ಅವರು ನೆಲ ನೋಡುತ್ತಾ ಹೇಳಿದರು. "ನಂಗೂ ಇದೇ ಆಪರೇಷನ್ ಆಗಿದೆ ವಸುಧಾ. ಹೋದ ವರ್ಷ ಬೆನ್ನುನೋವು ಅಂದಿದ್ನಲ್ಲ, ಅದೇ. ರಾಜ್ಯೋತ್ಸವಕ್ಕೂ ಪ್ಯಾಂಟೊಳಗೆ ಬ್ಯಾಗ್ ಕಟ್ಕೊಂಡೇ ಬಂದಿದ್ದೆ."

ಒಂದೇ ಆಪರೇಷನ್ ಆದ ಇಬ್ಬರು ಗಂಡಸರು ಎದುರುಬದುರು ಕೂತು, ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು, ನಾನು ಮಾಡಿದ ಕಾಫಿ ಕುಡಿದಿದ್ದರು. ಆ ಸುಳ್ಳಿಗೆ ನನ್ನ ಗಂಡ ಸಾಯಬೇಕಿತ್ತೇನು? ರಮೇಶರ ಮೇಲೂ ಸಿಟ್ಟು ಬಂತು, ಇವರ ಮೇಲೆ ಇನ್ನೂ ಹೆಚ್ಚು.

ಮುಂದಿನ ಭಾನುವಾರ ನಮ್ಮ ಕನ್ನಡ ಕೂಟದ ನಿರಂಜನ್ ಮತ್ತು ಅವನ ಹೆಂಡತಿ ಲತಾಶ್ರೀ ಬಂದಾಗ, ಇವರು ತಾವಾಗಿಯೇ ಪ್ರಾಸ್ಟೇಟ್ ಆಪರೇಷನ್ ಎಂದರು. ನಿರಂಜನ್ ಮೆಲ್ಲಗೆ ಹೇಳಿದ: "ಅಂಕಲ್, ನಂಗೂ ಡಾಕ್ಟರ್ ಬಯಾಪ್ಸಿ ಮಾಡಿಸಿ ಅಂದಿದಾರೆ. ಇವಳಿಗೆ ಹೇಳಿಲ್ಲ." ಲತಾಶ್ರೀಯ ಕೈಯಲ್ಲಿದ್ದ ಲೋಟ ಹಾಗೇ ನಿಂತುಬಿಟ್ಟಿತು.

ಅಣ್ಣಂದಿರೇ, ಆಪರೇಷನ್ ಆದ ಮೇಲೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಟ್ಯೂಬು ಮಡಿಚದಿರಲಿ. ಡಾಕ್ಟರ್ ಹೇಳಿದಷ್ಟು ನೀರು ಕುಡಿಯಿರಿ. ಅಕ್ಕಿಚೀಲ ಎತ್ತಲು, ಸ್ನೋ ತೆಗೆಯಲು ಹೋಗಬೇಡಿ. ಮೂತ್ರ ನಿಂತರೆ, ರಕ್ತ ಹೆಪ್ಪುಗಟ್ಟಿ ಬಂದರೆ, ಜ್ವರ ಬಂದರೆ, ಆ ಕ್ಷಣವೇ ಡಾಕ್ಟರಿಗೆ ಫೋನ್ ಮಾಡಿ. ನೋಡಲು ಹೋದವರು ದಯವಿಟ್ಟು ಬೇಗ ಏಳಿ. ನಿಮಗೂ ಇದೇ ಆಪರೇಷನ್ ಆಗಿದೆಯೇ? ಹಾಗಾದರೆ ಇವತ್ತೇ ಒಬ್ಬರಿಗಾದರೂ ಹೇಳಿ.