ಕೊಳದ ಹುಡುಗಿ

"ಅಣ್ಣಾ, ದೆವ್ವದ ಕೊಳ ಇರೋದು ಈ ಮನೇಲೇನಾ?"

ಕೇಳಿದ ಹುಡುಗಿ ಮೋಟಾರ್ ಬೈಕಿನಿಂದ ಇಳಿದಿರಲಿಲ್ಲ. ಹಿಂದೆ ಕೂತಿದ್ದ ಅವಳ ಗೆಳತಿ ಆಗಲೇ ಫೋನ್ ಎತ್ತಿ ಹಿಡಿದು, ಪಾಚಿಗಟ್ಟಿದ ಹೆಂಚು, ಬಣ್ಣ ಹೋದ ಹಸಿರು ಕಿಟಕಿ, ಅಂಗಳದಲ್ಲಿ ಖಾಲಿ ಬಿದ್ದಿದ್ದ ಪ್ಲಾಸ್ಟಿಕ್ ಸ್ಟೂಲುಗಳು, ಎಲ್ಲದರ ಚಿತ್ರ ತೆಗೆಯುತ್ತಿದ್ದಳು.

ತ್ವಾನ್ ಕುದಿಯುವ ಸಾರಿನಿಂದ ಕಣ್ಣೆತ್ತಲಿಲ್ಲ. "ದೆವ್ವ ಪೇಟೆಗೆ ಹೋಗಿದೆ. ಶಾವಿಗೆ ತಿನ್ನೋದಾದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ದಾರಿ ಬಿಡಿ."

ಹುಡುಗಿಯರು ಕಿಸಕ್ಕನೆ ನಕ್ಕು ಬೈಕ್ ತಿರುಗಿಸಿಕೊಂಡು ಹೋದರು. ಅವರು ಸರಿದ ಜಾಗದಲ್ಲಿ, ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು ಉಯೆನ್ ನಿಂತಿದ್ದಳು. ತ್ವಾನ್ ಈಗ ಕಣ್ಣೆತ್ತಿದ.

"ಓ, ಡೈರೆಕ್ಟರಮ್ಮ. ಇವರನ್ನೆಲ್ಲ ಕಳಿಸಿದ್ದು ಸಾಲದು ಅಂತ ನೀವೇ ಬಂದ್ರಾ?"

ಹೋದ ವರ್ಷ ಅವನು ಅವಳನ್ನು ತಂಗಿ ಎನ್ನುತ್ತಿದ್ದ. ಬೇಸಿಗೆಯಲ್ಲಿ ಅವಳ ತಂಡ ಸಾ ದೆಕ್ ಊರಿನ ಈ ಮನೆಯಲ್ಲಿ ಬೀಡುಬಿಟ್ಟಿದ್ದಾಗ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವಳ ಬಟ್ಟಲಿಗೆ ಶಾವಿಗೆ ಹಾಕಿ, ಮೇಲೆ ಹಂದಿಮಾಂಸದ ಎರಡು ತುಂಡು ಹೆಚ್ಚಿಗೆ ಇಡುತ್ತಿದ್ದ. ಅದು ಉಯೆನ್‌ಳ ಮೊದಲ ಚಿತ್ರ. ಸ್ಟುಡಿಯೋ ಇರಲಿಲ್ಲ, ಹೆಸರಿದ್ದ ನಟರು ಇರಲಿಲ್ಲ. ಗೆಳೆಯರೇ ಕ್ಯಾಮೆರಾ ಹಿಡಿದರು, ಗೆಳೆಯರೇ ದೀಪ ಹೊತ್ತರು. ಮನೆಯನ್ನು ತ್ವಾನ್ ಪುಕ್ಕಟೆ ಬಿಟ್ಟುಕೊಟ್ಟಿದ್ದ. ಅವನ ಹೆಂಡತಿ ಸುವಾಂಗ್ ತನ್ನ ಹಳೆಯ ಬಟ್ಟೆಗಳನ್ನು ಪಾತ್ರಗಳಿಗೆ ಕೊಟ್ಟಿದ್ದಳು. ಅವನ ತಾಯಿ, ಓಣಿಯವರೆಲ್ಲ ತೂ ಅಜ್ಜಿ ಎಂದು ಕರೆಯುವ ಮುದುಕಿ, ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಉಯೆನ್‌ಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ತನ್ನ ಕಥೆಗಳನ್ನು ಹೇಳುತ್ತಿದ್ದಳು. ಕಾಲುವೆಯಲ್ಲಿ ಕಾಲುಜಾರಿ ಮುಳುಗಿ ಹೋದ ಮಗಳು ಹುಯೆಯ ಕಥೆಯನ್ನೂ ಹಾಗೆಯೇ ಹೇಳಿದ್ದಳು. ಮಗುವಿಗೆ ಆಗ ಆರು ವರ್ಷ.

ಉಯೆನ್ ಬರೆದುಕೊಂಡಿದ್ದ ಕಥೆಯಲ್ಲಿ ಮನೆಯ ಯಜಮಾನಿ ಮೆನ್ ಎಂಬ ಕೆಲಸದ ಹುಡುಗಿಯ ಮೇಲೆ ಕಳ್ಳತನ ಹೊರಿಸಿ, ಹೊಡೆದು, ಹಿತ್ತಿಲ ಕೊಳದಲ್ಲಿ ಸಾಯುವ ಹಾಗೆ ಮಾಡುತ್ತಾಳೆ. ಹುಡುಗಿ ದೆವ್ವವಾಗಿ ಮನೆ ಹೊಗುತ್ತಾಳೆ. ಆದರೆ ಯಜಮಾನಿಗೆ ಕರ್ಮಫಲ ಹೇಗೆ ಬರಬೇಕು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಅಜ್ಜಿಯ ಮಾತು ಕೇಳಿದ ವಾರವೇ ಹೊಳೆಯಿತು. ಯಜಮಾನಿಯ ಪುಟ್ಟ ಮಗಳು ಅದೇ ಕೊಳದಲ್ಲಿ ಮುಳುಗುವ ದೃಶ್ಯವನ್ನು ಬರೆದು, ಆ ಕೊಳದಲ್ಲಿಯೇ ಚಿತ್ರೀಕರಿಸಿದಳು. ಅಂದು ಅಜ್ಜಿಯನ್ನು ಪಗೋಡಕ್ಕೆ ಕಳಿಸಿಕೊಟ್ಟಿದ್ದಳು. ಅಷ್ಟು ಮರ್ಯಾದೆ ಇಟ್ಟುಕೊಂಡೆ ಎಂದೇ ಆಗ ಅವಳಿಗೆ ಅನ್ನಿಸಿತ್ತು.

ಆಮೇಲಿನದು ಸೈಗಾನ್‌ನಲ್ಲಿ ನಡೆಯಿತು. ಮೊದಲ ಪ್ರದರ್ಶನ ಮುಗಿದ ಮೇಲೆ ಅವಳನ್ನು ವೇದಿಕೆಗೆ ಕರೆದರು. ಅರ್ಧ ತುಂಬಿದ್ದ ಸಭಾಂಗಣದಲ್ಲಿ ಜನ ಚೀಲ ಹೆಗಲಿಗೇರಿಸಿಕೊಂಡು ಏಳುತ್ತಿದ್ದರು. ಇದು ಎಲ್ಲಿಂದ ಹುಟ್ಟಿದ ಕಥೆ ಎಂದು ಯಾರೋ ಕೇಳಿದರು. "ಆ ಮನೆಯಲ್ಲೇ ನಡೆದದ್ದು. ಮನೆಯವರೇ ನನ್ನ ಹತ್ತಿರ ಗುಟ್ಟಾಗಿ ಹೇಳಿದರು" ಎಂದಳು. ಎದ್ದವರು ಕೂತರು. ಅವಳ ಜೀವಮಾನದಲ್ಲಿ ಒಂದು ಮಾತಿಗೆ ಅಷ್ಟು ಜನ ಕೂತದ್ದು ಅದೇ ಮೊದಲು. ಮರುದಿನ ಆ ಸುದ್ದಿ ಎಲ್ಲ ಕಡೆ ಹರಿದಾಡಿತು. ತಿರುಗಿಯೂ ನೋಡದಿದ್ದ ಚಿತ್ರಮಂದಿರದವರು ಫೋನ್ ಮಾಡತೊಡಗಿದರು.

"ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ಒಂದ್ಸಲ ಬಂದು ನೋಡಿ ಹೋಗು" ಎಂದು ಸುವಾಂಗ್ ಫೋನ್ ಮಾಡಿದಾಗಲೇ ಅವಳಿಗೆ ಈ ಕಡೆಯ ಸುದ್ದಿ ಗೊತ್ತಾದದ್ದು.

ಈಗ ಸುವಾಂಗ್ ಒಳಗಿನಿಂದ ಬಂದು ಹಣ್ಣಿನ ಚೀಲ ತೆಗೆದುಕೊಂಡಳು. "ಬಾ ಒಳಗೆ. ಅವರ ಮಾತಿಗೆ ಬೇಜಾರು ಮಾಡ್ಕೋಬೇಡ. ವ್ಯಾಪಾರ ಇಲ್ಲ, ಅದಕ್ಕೆ ಸಿಡುಕು."

"ಯಾಕಿಲ್ಲ? ದೆವ್ವದ ಮನೆ ಸಾರು ಯಾರಿಗೆ ಬೇಕು ಅಂತ ನೇರವಾಗೇ ಹೇಳು" ಎಂದ ತ್ವಾನ್. ಆಮೇಲೆ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ, ದನಿ ತಗ್ಗಿಸಿದ. "ಸಿನಿಮಾ ಈ ಊರಿಗೆ ಬಂದ ದಿವಸ ನಾನು ಅಂಗಡಿ ಮುಚ್ಚಿದ್ದೆ. ಓಣಿಯವರನ್ನೆಲ್ಲ ಕರ್ಕೊಂಡು ಹೋದೆ, ನಮ್ಮನೆ ನೋಡಿ ಬನ್ನಿ ಅಂತ. ಅಮ್ಮ ಹೊಸ ಬಟ್ಟೆ ಉಟ್ಟಿದ್ಲು. ಆ ಮಗು ನೀರಿಗೆ ಬಿದ್ದಾಗ ಅಕ್ಕಪಕ್ಕದೋರು ಯಾರೂ ಪರದೆ ನೋಡ್ಲಿಲ್ಲ. ಎಲ್ಲಾ ಅಮ್ಮನ್ನೇ ನೋಡಿದ್ರು."

ಉಯೆನ್ ಬಾಯಿ ತೆರೆದಳು.

"ನನಗೇನೂ ಹೇಳ್ಬೇಡಿ" ಎಂದ ತ್ವಾನ್. "ಅದೆಲ್ಲ ಬರೀ ಕಥೆ ಅಂತ ಅಮ್ಮನಿಗೆ ಹೇಳಿ ಹೇಳಿ ನನಗೆ ಸಾಕಾಯ್ತು. ನನ್ನ ಮಾತು ನಂಬಲ್ಲ. ನೀವು ಹೇಳಿದ್ರೆ ನಂಬಬಹುದು."

ಹಿತ್ತಿಲಲ್ಲಿ, ಕೊಳದ ದಂಡೆಯ ಹಾಲುಹಣ್ಣಿನ ಮರದ ಕೆಳಗೆ, ಹಲಗೆಯ ಪುಟ್ಟ ಗುಡಿಯೊಂದು ಹೊಸದಾಗಿ ಬಂದಿತ್ತು. ಒಂದು ಲೋಟ ನೀರು, ಚೆಂಡುಹೂವು, ಬೂದಿ ತುಂಬಿದ ಅಗರಬತ್ತಿಯ ಬಟ್ಟಲು. ಗುಡಿಯೊಳಗಿನ ಚಿತ್ರವನ್ನು ಸಿನಿಮಾದ ಪೋಸ್ಟರಿನಿಂದ ಕತ್ತರಿಸಿ ಅಂಟಿಸಿದ್ದರು. ಮೆನ್ ಪಾತ್ರ ಮಾಡಿದ ಆ ನಟಿ ಈಗ ಸೈಗಾನ್‌ನಲ್ಲಿ ಶಾಂಪೂ ಜಾಹೀರಾತುಗಳಲ್ಲಿ ನಗುತ್ತಿದ್ದಳು. ಇಲ್ಲಿ ಅವಳು ಸತ್ತವರ ಸಾಲಿನಲ್ಲಿದ್ದಳು.

ಅಜ್ಜಿ ದಂಡೆಯ ಕಲ್ಲಿನ ಮೇಲೆ ಕೂತಿದ್ದಳು. ಮೈ ಇಳಿದುಹೋಗಿತ್ತು. ಉಯೆನ್‌ಳನ್ನು ಕಂಡು ಅವಳ ಮುಖ ಅರಳಿದ್ದನ್ನು ಉಯೆನ್‌ಗೆ ತಡೆದುಕೊಳ್ಳಲಾಗಲಿಲ್ಲ.

"ಬಂದ್ಯಾ ಮಗಳೇ? ತಲೆ ಒಣಗಿ ಹೋಗಿದೆಯಲ್ಲೇ. ಎಣ್ಣೆ ಹಚ್ಚೋರು ಯಾರೂ ಇಲ್ವಾ ಅಲ್ಲಿ? ಮೊದಲು ಅವಳಿಗೊಂದು ಅಗರಬತ್ತಿ ಹಚ್ಚು."

ಉಯೆನ್ ಹಚ್ಚಲಿಲ್ಲ. ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತಳು. "ಅಜ್ಜೀ, ಈ ಹುಡುಗಿ ಇರ್ಲೇ ಇಲ್ಲ. ನಾನು ಕಟ್ಟಿದ ಕಥೆ ಅದು. ಜನ ಚಿತ್ರ ನೋಡ್ಲಿ ಅಂತ, ನಿಜವಾಗಿ ನಡೆದದ್ದು ಅಂತ ಎಲ್ಲರ ಮುಂದೆ ಸುಳ್ಳು ಹೇಳ್ದೆ. ನೀವು ಯಾರನ್ನೂ ಕೊಂದಿಲ್ಲ ಅಜ್ಜಿ."

"ಸುವಾಂಗ್ ಹೇಳಿಕೊಟ್ಳಾ, ಹೀಗೆ ಹೇಳು ಅಂತ?"

"ಯಾರೂ ಹೇಳಿಕೊಟ್ಟಿಲ್ಲ. ನನ್ನ ಆಣೆ."

ಅಜ್ಜಿ ಅವಳ ಕೂದಲನ್ನು ಬೆರಳಿಂದ ಬಿಡಿಸತೊಡಗಿದಳು. "ನೀನು ಒಳ್ಳೆಯವಳು, ಅದಕ್ಕೆ ಹೀಗೆ ಹೇಳ್ತೀಯ. ಯುದ್ಧದ ಕಾಲದಲ್ಲಿ ಈ ಮನೇಲಿ ಎಷ್ಟೋ ಹುಡುಗೀರು ಇದ್ದು ಹೋದ್ರು. ದೋಣಿಯಿಂದ ಇಳಿಯೋರು, ಒಂದು ಮಳೆಗಾಲ ಪಾತ್ರೆ ತೊಳೆಯೋರು, ಹೋಗೋರು. ಒಬ್ಬಳು ಸದಾ ಹಾಡ್ತಿದ್ಲು. ನನಗೆ ತಲೆ ಸಿಡೀತಿತ್ತು ಒಂದಿನ. ಸೌಟು ತಗೊಂಡು ಹೊಡೆದೆ. ಹೊಡೆದದ್ದು ನೆನಪಿದೆ, ಮುಖ ನೆನಪಿಲ್ಲ. ಬೆಳಗಾಗೋದ್ರೊಳಗೆ ಅವಳು ಇರ್ಲಿಲ್ಲ. ದೋಣಿ ಹತ್ತಿರ್ತಾಳೆ ಅಂದ್ಕೊಂಡೆ. ಹೋಗಿ ನೋಡಿದ್ನಾ? ಇಲ್ಲ."

"ಅವಳು ದೋಣಿ ಹತ್ತೇ ಹೋಗಿರ್ತಾಳೆ, ಅಜ್ಜಿ. ಈಗ ಎಲ್ಲೋ ಮೊಮ್ಮಕ್ಕಳನ್ನ ಆಡಿಸ್ತಿರ್ತಾಳೆ."

"ಇರಬಹುದು."

"ಮಗು ಮುಳುಗಿದ್ದನ್ನೂ ನಾನು ನಿಮ್ಮಿಂದ ಕದ್ದದ್ದು. ನೀವು ಹುಯೆ ವಿಷಯ ಹೇಳಿದ್ರಲ್ಲ, ಅದನ್ನೇ ತೆಗೆದು ನನ್ನ ಕಥೆಗೆ ಅಂಟಿಸ್ದೆ."

"ಕದ್ದದ್ದಲ್ಲ, ನಾನೇ ಕೊಟ್ಟದ್ದು" ಎಂದಳು ಅಜ್ಜಿ. ಅವಳ ಬೆರಳುಗಳು ನಿಂತವು. ಕೊಳದಲ್ಲಿ ಒಂದು ಮೀನು ಮೇಲೆ ಬಂದು ನೀರು ಕಲಕಿ ಹೋಯಿತು. "ಹುಯೆ ಹೋದ ಮೇಲೆ ನಾನು ಕೇಳದೋರಿಲ್ಲ. ಪಗೋಡದ ಗುರುಗಳನ್ನ ಕೇಳ್ದೆ, ಕಣಿ ಹೇಳೋಳನ್ನ ಕೇಳ್ದೆ, ತ್ವಾನ್ ಅಪ್ಪನ್ನಂತೂ ಸಾಯೋವರೆಗೂ ಕೇಳ್ದೆ. ಅಷ್ಟು ಚಿಕ್ಕ ಮಗು, ದಿನಾ ಓಡಾಡೋ ಮೆಟ್ಟಿಲು, ಯಾಕೆ ಜಾರಿದ್ಲು ಅಂತ. ಒಬ್ಬರೂ ಹೇಳ್ಲಿಲ್ಲ. ಆಯ್ತು, ಬಿಡು ಅಂದ್ರು. ಆ ಕತ್ತಲೆ ಥಿಯೇಟರ್‌ನಲ್ಲಿ ಕೂತಾಗ ಯಾಕೆ ಅಂತ ಗೊತ್ತಾಯ್ತು ನನಗೆ. ಈಗ ನೀನು ಬಂದು ಅದೂ ಸುಳ್ಳು ಅಂದ್ರೆ, ನಾನು ಮತ್ತೆ ಯಾರನ್ನ ಕೇಳ್ಲಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಉಯೆನ್ ಬಳಿ ಇನ್ನೂ ಇದ್ದವು. ಪತ್ರಿಕೆಯವರನ್ನು ಕರೆದು ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ ಎಂದು ಹೇಳಬೇಕಿತ್ತು. ಓಣಿಯ ಮನೆಮನೆಗೂ ಹೋಗಿ ಕೈಮುಗಿಯುತ್ತೇನೆ ಎಂದು ಹೇಳಬೇಕಿತ್ತು. ಅವನ್ನು ತ್ವಾನ್‌ಗೆ ಹೇಳಬಹುದು, ಹೇಳಿದ ಹಾಗೆ ಮಾಡಲೂಬಹುದು. ಈ ಕಲ್ಲಿನ ಮೇಲೆ ಕೂತವಳಿಗೆ ಅವು ಯಾವುವೂ ಬೇಕಾಗಿರಲಿಲ್ಲ.

ಸುವಾಂಗ್ ಸಿಪ್ಪೆ ಬಿಡಿಸಿದ ಕಿತ್ತಳೆಯನ್ನು ತಟ್ಟೆಯಲ್ಲಿ ತಂದಳು. ಅಜ್ಜಿ ಒಂದು ತೊಳೆ ತೆಗೆದುಕೊಂಡು ಗುಡಿಯ ಮುಂದಿಟ್ಟು, ಉಯೆನ್ ಕಡೆ ತಿರುಗಿದಳು.

"ದಿನಾ ಏನೋ ಒಂದು ಇಡ್ತೀನಿ. ಹಾಗೇ ಇರುತ್ತೆ, ಇರುವೆ ಕೂಡ ಮುಟ್ಟಲ್ಲ. ನಿನಗೆ ಗೊತ್ತಿರುತ್ತಲ್ಲ. ಅವಳಿಗೆ ಏನು ಇಷ್ಟ?"

ಸುವಾಂಗ್ ತಟ್ಟೆ ಹಿಡಿದೇ ನಿಂತು ಉಯೆನ್‌ಳ ಮುಖ ನೋಡಿದಳು. ಗೊತ್ತಿಲ್ಲ ಎನ್ನು ಎಂಬ ನೋಟವೋ, ಏನಾದರೂ ಹೇಳು ಎಂಬ ನೋಟವೋ ಉಯೆನ್‌ಗೆ ತಿಳಿಯಲಿಲ್ಲ. ಅಜ್ಜಿ ಕಾಯುತ್ತಿದ್ದಳು.

"ಬಾಳೆಹಣ್ಣಿನ ಕಡುಬು" ಎಂದಳು ಉಯೆನ್ ಕೊನೆಗೆ. "ಮೇಲೆ ತೆಂಗಿನ ಹಾಲು ಹಾಕಿದ್ದು. ಬಿಸಿಯಾಗಿರಬೇಕು."

"ನೋಡು, ನನಗೆ ಹೊಳೀಲೇ ಇಲ್ಲ. ದೋಣಿ ಮೇಲಿನ ಮಕ್ಕಳಿಗೆ ಅದೆಲ್ಲಿ ಸಿಗ್ಬೇಕು" ಎನ್ನುತ್ತ ಅಜ್ಜಿ ಸೊಸೆಯ ತೋಳು ಹಿಡಿದು ಎದ್ದಳು. ಸುವಾಂಗ್ ತಟ್ಟೆಯನ್ನು ಕೆಳಗಿಟ್ಟು, ಮನೆಯ ಪಕ್ಕದ ಗೊನೆಯಿಂದ ಕಳಿತ ಹಣ್ಣುಗಳನ್ನು ಕಿತ್ತುಕೊಂಡು ಅಡುಗೆಮನೆಗೆ ಹೋದಳು.

ಮೂವರೂ ನೆಲದ ಮೇಲೆ ಕೂತರು. ಅಜ್ಜಿ ಹಣ್ಣು ಸುಲಿದು ಹಿಸುಕಿದಳು, ಸುವಾಂಗ್ ಒಲೆ ಹೊತ್ತಿಸಿದಳು. ಉಯೆನ್ ತುರಿಯುವ ಮಣೆಯನ್ನು ಎಳೆದುಕೊಂಡು, ತೆಂಗಿನಕಾಯಿಯ ಹೋಳನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ತುರಿಯತೊಡಗಿದಳು. ಬಿಳಿಯ ತುರಿ ಅಲ್ಯೂಮಿನಿಯಂ ಬೋಗುಣಿಯೊಳಗೆ ಸದ್ದಿಲ್ಲದೆ ಬೀಳುತ್ತ ಹೋಯಿತು.