ಸೋಮವಾರದ ಬಂಡಿ

ಎಪ್ಪತ್ತನಾಲ್ಕರಲ್ಲಿ ಸರಕಾರಕ್ಕೆ ಖರ್ಚು ಉಳಿಸುವ ಹುಚ್ಚು ಹಿಡಿಯಿತು. ಪೆಟ್ರೋಲು ತುಟ್ಟಿ, ಊರೂರು ತಿರುಗುವ ಕುಷ್ಠ ಚಿಕಿತ್ಸೆಯ ಜೀಪು ನಿಲ್ಲಿಸಿ ಎಂದು ಮೇಲಿನಿಂದ ಹುಕುಂ ಬಂತು. ಇನ್ನು ರೋಗಿಗಳೇ ಸಿಂದಗಿಯ ದವಾಖಾನೆಗೆ ಬರಬೇಕು, ಅದೂ ಸೋಮವಾರ ಮಾತ್ರ. ಕೈಕಾಲು ತೋರಿಸದೆ ಮಾತ್ರೆ ಇಲ್ಲ. ಹುಕುಂ ಬರೆದ ಪುಣ್ಯಾತ್ಮ ಎತ್ತಿನ ಮುಖ ನೋಡಿದವನಲ್ಲ. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದು ಪಾಪ. ಬಸ್ಸಿನವರಂತೂ ಕಾಲಿಗೆ ಬಟ್ಟೆ ಸುತ್ತಿಕೊಂಡವರನ್ನು ಕಂಡರೆ ನಿಲ್ಲಿಸುತ್ತಲೇ ಇರಲಿಲ್ಲ. ಅಂಗಾಲಿನಲ್ಲಿ ಹುಣ್ಣಾದವರು ನಡೆದು ಬರಬೇಕೇ? ನಾನು ಇಂದ್ರಾಬಾಯಿ, ಅಲ್ಲಿಯ ನರ್ಸು. ಡಾಕ್ಟರ ಮುಂದೆ ಬಾಯಿಗೆ ಬಂದಂತೆ ಕೂಗಾಡಿದೆ. "ನನ್ನ ಬೈದರ ಪೆಟ್ರೋಲ್ ಬರತೈತೇನ್ರಿ ಬಾಯಾರ?" ಎಂದರು ಅವರು. ಅದೂ ನಿಜವೇ.

ನನ್ನ ಜೀವವೆಲ್ಲ ಮೋರಟಗಿಯ ಶೆಟ್ಟೆವ್ವನ ಮೇಲಿತ್ತು. ಅವಳ ಎಡಗೈಯ ಸ್ಪರ್ಶ ಆಗಲೇ ಸತ್ತಿತ್ತು. ಬಲಗೈಯೊಂದನ್ನು ಮಾತ್ರೆ ಕಾಯ್ದುಕೊಂಡು ಬಂದಿತ್ತು. ಮಾತ್ರೆ ತಪ್ಪಿದರೆ ಅದೂ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಮಗ ಧರೆಪ್ಪ ಅವಳನ್ನು ಹೊಲದ ಗುಡಿಸಲಿನಲ್ಲಿಟ್ಟಿದ್ದ. ರೊಟ್ಟಿಯ ಗಂಟನ್ನು ಒಡ್ಡಿನ ಮೇಲಿಟ್ಟು ದೂರದಿಂದ ಕೂಗುವವನು, ಅವಳು ಮುಟ್ಟಿದ ಚರಿಗೆಯನ್ನೂ ಮುಟ್ಟದವನು. ಅಂಥವನು ಅವಳನ್ನು ಕರೆತರುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ತಿಂಗಳುಗಳು ಸರಿದವು. ಸೋಮವಾರ ಬಂದರೆ ನಮ್ಮ ಬೆಂಚು ಖಾಲಿ.

ಬೇಸಿಗೆಯ ಒಂದು ಸೋಮವಾರ ಮಧ್ಯಾಹ್ನ ರಸ್ತೆಯಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಬಂಡಿಯೊಂದು ಬರುತ್ತಿತ್ತು. ಎತ್ತುಗಳಿರಲಿಲ್ಲ. ನೊಗಕ್ಕೆ ಒಂದು ಕಡೆ ಕುರಿ ಕಾಯುವ ಅಮೋಘಸಿದ್ಧ, ಇನ್ನೊಂದು ಕಡೆ ಧರೆಪ್ಪ ಹೆಗಲು ಕೊಟ್ಟಿದ್ದರು. ಹಿಂದೆ ನಾಲ್ಕಾರು ಮಂದಿ ನೂಕುತ್ತಿದ್ದರು. ಬಂಡಿಯಲ್ಲಿ ಶೆಟ್ಟೆವ್ವ, ಅವಳ ಜೊತೆ ದಾರಿಯ ಊರುಗಳ ರೋಗಿಗಳು. ನಸುಕಿನಲ್ಲಿ ಮೋರಟಗಿ ಬಿಟ್ಟವರಂತೆ. ಗುಡಿಯಲ್ಲಿಯೂ ಹಾಗೆ ಕೈ ಮುಗಿದವಳಲ್ಲ ನಾನು, ಅಂದು ಮುಗಿದೆ.

"ಅಲ್ಲೋ ಖೋಡಿ, ಒಂದ ದಿನ ಎತ್ತು ಹೂಡಿದ್ರ ಬಸವಣ್ಣ ಸಿಟ್ಟಿಗೇಳ್ತಿದ್ದನೇನ?" ಎಂದೆ.

"ಸೋಮಾರ ಎತ್ತಿಗೆ ಸೂಟಿ ಐತ್ರಿ ಬಾಯಾರ," ಎಂದ ಧರೆಪ್ಪ, ಏದುಸಿರು ಬಿಡುತ್ತ. "ಮಗಗ ಎಲ್ಲಿ ಸೂಟಿ?"

ಒಂದು ಚರಿಗೆ ನೀರು ಗಟಗಟ ಕುಡಿದು ಮತ್ತೆ ಹೇಳಿದ: "ಮೊನ್ನಿ ಅವ್ವ ಎಡಗೈಲೆ ಸುಡೋ ರೊಟ್ಟಿ ಹಂಚು ಎತ್ತಿದ್ಲ್ರಿ. ಚರ್ಮ ಸುಟ್ಟ ವಾಸನಿ ಒಡ್ಡಿನ ತನಕಾ ಬಂತು. ಆಕೀಗೆ ಗೊತ್ತಾಗ್ಲಿಲ್ಲ. ನನಗ ಗೊತ್ತಾತ್ರಿ."

ಅವನ ಹೆಗಲಿನ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ನಾನು ಮುಲಾಮು ತಂದೆ. ಬೆಂಚಿನ ಮೇಲೆ ಕುಳಿತಿದ್ದ ಶೆಟ್ಟೆವ್ವ ಮುಲಾಮಿಗೆ ಕೈ ಚಾಚಿದವಳು, ಮಗನನ್ನು ಮುಟ್ಟಲು ಹೆದರಿ ಹಿಂದಕ್ಕೆಳೆದುಕೊಂಡಳು. ಧರೆಪ್ಪ ಅವಳ ಮುಂದೆ ನೆಲಕ್ಕೆ ಕುಳಿತು ಬೆನ್ನು ಕೊಟ್ಟ.

"ನೀನ ಹಚ್ಚವ್ವ."

ಅವಳ ಬಲಗೈ ಹೆಗಲಿಗೆ ತಾಕಿತು. ತಿಂಗಳುಗಟ್ಟಲೆ ಮಾತ್ರೆ ಕಾಣದ ಕೈ ಅದು. ಸ್ಪರ್ಶ ಪರೀಕ್ಷಿಸಲು ಸೂಜಿ ಹಿಡಿದು ಬಂದ ಡಾಕ್ಟರು ಬಾಗಿಲಲ್ಲೇ ನಿಂತರು.

"ಯಪ್ಪಾ, ಮೈ ಎಷ್ಟು ಸುಡಾಕತ್ತೈತೋ ನಿಂದು!" ಎಂದಳು ಶೆಟ್ಟೆವ್ವ.

ಡಾಕ್ಟರು ಸೂಜಿಯನ್ನು ಮೇಜಿನ ಮೇಲಿಟ್ಟು ಮಾತ್ರೆಯ ಡಬ್ಬಿ ತೆಗೆದರು.